ಹಿತ್ತಲ ಕೋಳಿ ಮತ್ತು ಬಾತುಗಳ ಪಾಲನೆ
(ವಿದ್ಯಾರ್ಥಿನಿಯರಿಗಾಗಿ ಒಂದು ಗೃಹಪಾಠ)

೧. ಪೀಠಿಕೆ

ಧಾರವಾಡದಿಂದ ಲೋಂಡೆಯ ಕಡೆಗೆ ಹೋಗುವ ರೈಲುದಾರಿಯಲ್ಲಿ, ಬಯಲುಸೀಮೆಯೂ ಮಲೆನಾಡೂ ಒಂದನ್ನೊಂದು ಕೂಡುವ ಸ್ಥಳದಲ್ಲಿ ಅಳ್ನಾವರವಿರುತ್ತದೆ. ದಾಂಡೇಲಿಯ ಕವಲುದಾರಿಯು ಹೊರಡುವದು ಇಲ್ಲಿಂದಲೇ. ಊರ ಸುತ್ತಲೂ ಭತ್ತದ ಗದ್ದೆಗಳುಂಟು, ಕೆರೆಗಳುಂಟು, ಅವುಗಳಾಚೆಗೆ ಅಡವಿಯುಂಟು. ಇಂಥ ಸೀಮೆಯ ಮನೆಗಳಲ್ಲಿ ಹಿತ್ತಲಿಗೆ ನಾಲ್ಕಾರು ಕೋಳಿಗಳನ್ನು ಸಾಕುವದು ಹಳೆಯ ರೂಢಿಯು.

ಎತ್ತು, ಎಮ್ಮೆ, ಹೊಲಗಳ ಲೆಕ್ಕವು ಮನೆಯ ಯಜಮಾನನಿಗೆ ಸೇರಿದ್ದು. ಕೋಳಿಯ ಲೆಕ್ಕವಾದರೋ ತಾಯಂದಿರದು. ಬೆಳಗಿನಲ್ಲಿ ಗೂಡು ತೆರೆಯುವವಳು, ಕಾಳು ಚೆಲ್ಲುವವಳು, ಸಂಜೆ ಎಣಿಸಿ ಮುಚ್ಚುವವಳು ತಾಯಿ. ಅವಳಿಗೆ ಕೈನೆರವಾಗುವವಳು ಮಗಳು. ಸಂತೆಯಲ್ಲಿ ಮಾರಿದ ತತ್ತಿಗಳ ಹಣದಿಂದ ಉಪ್ಪು, ಸಾಬೂನು, ಔಷಧ, ಮಕ್ಕಳ ಪಾಟಿ-ಪುಸ್ತಕ, ಸಭೆಯ ಕಾಣಿಕೆ ಇವೆಲ್ಲವೂ ನಡೆಯುವವು. ಯಾರನ್ನೂ ಕೈಯೊಡ್ಡಿ ಕೇಳದೆ ಮನೆಯ ಹೆಂಗಸು ವೆಚ್ಚಮಾಡಬಲ್ಲ ಹಣವು ಅನೇಕ ಮನೆಗಳಲ್ಲಿ ಇದೊಂದೇ.

ಹೀಗಿರಲು ಈ ಕಸುಬಿನಲ್ಲಿ ನಮಗೆ ಸಂಭವಿಸುವ ನಷ್ಟವು ದೊಡ್ಡದು. ಹನ್ನೆರಡು ತತ್ತಿಗಳಿಗೆ ಕಾವು ಕೊಡಿಸಿದರೆ ಹತ್ತು ಮರಿಗಳಾಗುವವು; ಎರಡು ತಿಂಗಳಾದ ಮೇಲೆ ನೋಡಿದರೆ ಮೂರೋ ನಾಲ್ಕೋ ಉಳಿದಿರುವವು. ಇದನ್ನು ಹಣೆಬರಹವೆಂದು ಹೇಳಿ ಸುಮ್ಮನಾಗುವ ವಾಡಿಕೆಯುಂಟು. ಆದರೆ ಈ ಮರಣಗಳಿಗೆ ಕಾರಣಗಳುಂಟೆಂದೂ, ಅವುಗಳಲ್ಲಿ ಹೆಚ್ಚಿನವನ್ನು ಓದುಬರಹ ಬಲ್ಲ ಒಬ್ಬ ಹುಡುಗಿಯು ತಡೆಯಬಲ್ಲಳೆಂದೂ ತೋರಿಸುವದು ಈ ಪಾಠದ ಉದ್ದೇಶವಾಗಿದೆ.

೨. ಕೋಳಿಯ ಕುಲ

ಲೋಕದ ಸಾಕುಕೋಳಿಗಳೆಲ್ಲವೂ ಮುಖ್ಯವಾಗಿ ಕೆಂಪು ಕಾಡುಕೋಳಿಯ ಸಂತತಿಯವು. ಇನ್ನೊಂದು ಜಾತಿಯಾದ ಬೂದು ಕಾಡುಕೋಳಿಯು ನಮ್ಮ ದಕ್ಷಿಣದೇಶಕ್ಕೆ ವಿಶೇಷವಾದುದು. ದಾಂಡೇಲಿಯ ಅಡವಿಯಲ್ಲಿ ಅದರ ಕೂಗನ್ನು ಈಗಲೂ ಕೇಳಬಹುದು. ಅನೇಕ ಸಾಕುಕೋಳಿಗಳ ಕಾಲು ಹಳದಿಯಾಗಿರುವದಷ್ಟೆ. ಈ ಹಳದಿಯ ಗುಣವು ಬೂದು ಕಾಡುಕೋಳಿಯಿಂದ ಬಂದದ್ದೆಂದು ವಿಜ್ಞಾನಿಗಳು ೨೦೦೮ರಲ್ಲಿ ತೋರಿಸಿಕೊಟ್ಟರು.

ಜವಾರಿ ಕೋಳಿಯು ಕಾಡಿನ ಗುಣಗಳನ್ನು ಪೂರಾ ಮರೆತಿಲ್ಲ. ಅದು ಕೆದಕಿ ತಿನ್ನುವದು, ಎತ್ತರದಲ್ಲಿ ಕೂತು ನಿದ್ರಿಸುವದು, ಹದ್ದಿನ ನೆರಳು ಕಂಡೊಡನೆ ಮರಿಗಳನ್ನು ಕೂಗಿ ಕರೆಯುವದು, ತಾನೇ ಕಾವಿಗೆ ಕೂಡುವದು. ತತ್ತಿಗಳು ಕಡಿಮೆಯಾದರೂ ಸ್ವಂತ ಬುದ್ಧಿಯಿಂದ ಬದುಕುವ ಹಕ್ಕಿಯು ಇದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರಾ ಎಂಬ ತಳಿಗಳು ಹಿತ್ತಲಿಗೆ ಒಗ್ಗುವವು. ತತ್ತಿಗಳನ್ನು ಹೆಚ್ಚಾಗಿ ಇಡುವವು. ಆದರೆ ಅವು ಸಾಮಾನ್ಯವಾಗಿ ಕಾವಿಗೆ ಕೂಡುವದಿಲ್ಲ. ಆದಕಾರಣ ಅವುಗಳನ್ನು ಸಾಕುವ ಮನೆಯಲ್ಲಿಯೂ ಒಂದೆರಡು ಜವಾರಿ ಹೇಂಟೆಗಳಿರುವದು ಒಳ್ಳೆಯದು.

೩. ತತ್ತಿ ಮತ್ತು ಕಾವು

ತತ್ತಿಯ ಚಿಪ್ಪು ಬಹುಮಟ್ಟಿಗೆ ಸುಣ್ಣದ ಕಲ್ಲಿನ ದ್ರವ್ಯವೇ. ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳುಂಟು. ಒಳಗಿನ ಜೀವವು ಅವುಗಳ ಮೂಲಕ ಉಸಿರಾಡುವದು. ಚಿಪ್ಪಿನ ಮೇಲೆ ರೋಗಾಣುಗಳನ್ನು ತಡೆಯುವ ತೆಳುವಾದ ಪೊರೆಯೊಂದಿರುವದರಿಂದ ಕಾವಿಗಿಡುವ ತತ್ತಿಯನ್ನು ತೊಳೆಯಕೂಡದು. ತಂಪಾದ ಸ್ಥಳದಲ್ಲಿಟ್ಟ, ವಾರದೊಳಗಿನ ತತ್ತಿಗಳನ್ನೇ ಕಾವಿಗೆ ಆರಿಸತಕ್ಕದ್ದು. ಕಡುಬೇಸಗೆಯಲ್ಲಿ ನಾಲ್ಕೈದು ದಿನಗಳೊಳಗಿನವು ಉತ್ತಮ. ತತ್ತಿಯನ್ನು ನೀರಿನಲ್ಲಿ ಬಿಟ್ಟಾಗ ಅಡ್ಡಲಾಗಿ ತಳದಲ್ಲಿ ಮಲಗಿದರೆ ಅದು ಹೊಸದು, ಎದ್ದು ನಿಂತರೆ ಹಳೆಯದು, ತೇಲಿದರೆ ಬಹಳ ಹಳೆಯದು. ಈ ಪರೀಕ್ಷೆಯು ತಿನ್ನುವ ತತ್ತಿಗೆ ಮಾತ್ರ. ಕಾವಿನ ತತ್ತಿಗೆ ಬೇಡ.

ಒಂದು ಜವಾರಿ ಹೇಂಟೆಯ ಮೈಯಡಿಗೆ ಹತ್ತು ಹನ್ನೆರಡು ತತ್ತಿಗಳು ಸಾಕು. ಹೆಚ್ಚಿಟ್ಟರೆ ಅಂಚಿನವು ತಣ್ಣಗಾಗಿ ಕೆಡುವವು. ಬುಟ್ಟಿಯಲ್ಲಿ ಬೂದಿ ಹರಡಿ, ಮೇಲೆ ಹುಲ್ಲು ಹಾಸಿ, ಮಬ್ಬುಬೆಳಕಿನ ಮೂಲೆಯಲ್ಲಿಡಬೇಕು. ಬೂದಿಯು ಹೇನುಗಳನ್ನು ತಡೆಯುವದು. ಏಳನೆಯ ರಾತ್ರಿ ಕತ್ತಲಲ್ಲಿ ತತ್ತಿಯ ಹಿಂದೆ ಬ್ಯಾಟರಿಯ ಬೆಳಕು ಹಿಡಿದು ನೋಡಿರಿ. ಜೇಡದ ಕಾಲುಗಳಂತೆ ಕೆಂಪು ನರಗಳು ಕಂಡರೆ ಜೀವವುಂಟು. ಏನೂ ಕಾಣದೆ ತಿಳಿಯಾಗಿದ್ದರೆ ಅದು ಬರಡು ತತ್ತಿಯು, ತೆಗೆದುಬಿಡಬೇಕು. ದಿನಕ್ಕೊಮ್ಮೆ ಹೇಂಟೆಯು ಎದ್ದು ಕಾಳು ತಿಂದು ನೀರು ಕುಡಿದು ಬರಲು ಬಿಡಬೇಕು. ತತ್ತಿಗಳನ್ನು ಆಗಾಗ ತಿರುಗಿಸುವ ಕೆಲಸವನ್ನು ಅದು ತಾನೇ ಮಾಡುವದು. ಇಪ್ಪತ್ತೊಂದನೆಯ ದಿನ ಮರಿಯು ಕೊಕ್ಕಿನ ತುದಿಯ ಗಟ್ಟಿಮುಳ್ಳಿನಿಂದ ಚಿಪ್ಪನ್ನೊಡೆದು ಹೊರಬರುವದು.

೪. ಮರಿಗಳ ರಕ್ಷಣೆ

ಚಿಪ್ಪಿನಿಂದ ಬಂದ ಮರಿಯ ಹೊಟ್ಟೆಯಲ್ಲಿ ಹಳದಿಯ ಭಾಗವು ಇನ್ನೂ ಉಳಿದಿರುವದರಿಂದ ಒಂದೆರಡು ದಿನ ಅದಕ್ಕೆ ಆಹಾರದ ಅವಸರವಿಲ್ಲ, ಬೆಚ್ಚಗಿರುವದೇ ಮುಖ್ಯ. ಆಮೇಲೆ ಸಣ್ಣ ಅಕ್ಕಿನುಚ್ಚು, ಜೋಳದ ನುಚ್ಚು, ಗೆದ್ದಲುಹುಳು ಇವುಗಳನ್ನು ಕೊಡಬಹುದು. ನೀರನ್ನು ಆಳವಿಲ್ಲದ ತಟ್ಟೆಯಲ್ಲಿಟ್ಟು ಅದರೊಳಗೆ ಹರಳುಕಲ್ಲುಗಳನ್ನು ಹಾಕಿದರೆ ಮರಿಗಳು ಬಿದ್ದು ಸಾಯುವದಿಲ್ಲ.

ಮರಿಗಳಿಗೆ ವೈರಿಗಳು ಬಹಳ. ಹಗಲಿನಲ್ಲಿ ಹದ್ದು, ಕಾಗೆ, ಮುಂಗುಸಿ. ಇರುಳಿನಲ್ಲಿ ಹಾವು, ಹೆಗ್ಗಣ, ಕಾಡುಬೆಕ್ಕು. ಮೊದಲ ಮೂರು ನಾಲ್ಕು ವಾರ ತಾಯಿಯೊಡನೆ ಮರಿಗಳನ್ನು ದೊಡ್ಡ ಬುಟ್ಟಿಯ ಕೆಳಗೆ, ಇಲ್ಲವೆ ಬಲೆ ಕಟ್ಟಿದ ಆವರಣದಲ್ಲಿ ಇಟ್ಟರೆ ಹಗಲಿನ ನಷ್ಟವು ಬಹಳ ಕಡಿಮೆಯಾಗುವದು. ಇರುಳಿನ ಗೂಡು ನೆಲದಿಂದ ಮೇಲಿರಬೇಕು. ಅಳ್ನಾವರದ ಮಳೆಗಾಲದಲ್ಲಿ ಹಸಿನೆಲವು ಹಾವಿನಷ್ಟೇ ಅಪಾಯಕರವು. ಹೊತ್ತು ಮುಳುಗುವ ಮುಂಚೆ ಎಣಿಸಿ, ಬಾಗಿಲು ಹಾಕತಕ್ಕದ್ದು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಿರಿ. ಒಂದು ಹೇಂಟೆಯು ತತ್ತಿಯಿಡಲು ಸುಮಾರು ಮೂರು ವಾರ, ಕಾವು ಕೂಡಲು ಮೂರು ವಾರ, ಮರಿಗಳನ್ನು ಬೆಳೆಸಲು ಎಂಟು ಹತ್ತು ವಾರ ತೆಗೆದುಕೊಳ್ಳುವದು. ಒಟ್ಟಿಗೆ ನಾಲ್ಕು ತಿಂಗಳಷ್ಟು. ಹೀಗೆ ವರ್ಷಕ್ಕೆ ಮೂರೇ ಆವೃತ್ತಿಗಳು. ಮರಿಗಳು ಸತ್ತರೆ ಹೋಗುವದು ಮರಿಗಳ ಬೆಲೆಯಷ್ಟೇ ಅಲ್ಲ. ತಾಯಿಕೋಳಿಯ ವರ್ಷದ ಮೂರನೆಯ ಒಂದು ಪಾಲೂ ವ್ಯರ್ಥವಾದಂತೆ. ಮರಿಗಳಿಗೆ ಭದ್ರವಾದ ಗೂಡಿದ್ದರೆ ಅವುಗಳನ್ನು ತುಸು ಬೇಗನೆ ತಾಯಿಯಿಂದ ಅಗಲಿಸಬಹುದು. ಆಗ ಹೇಂಟೆಯು ಬೇಗ ತತ್ತಿಗೆ ತಿರುಗುವದು. ಒಂದು ಬಿದಿರಿನ ಬಾಗಿಲಿನ ಬೆಲೆಯು ಇದರಿಂದ ತಿಳಿಯುವದು.

೫. ಬಾತಿನ ವಿಶೇಷ

ನಮ್ಮ ಜಿಲ್ಲೆಯ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಕೋಳಿಯು ಸುಖವಾಗಿರುವದು. ನೀರಿನ ಕೊರತೆಯಿಂದ ಬಾತಿಗೆ ಅಲ್ಲಿ ಅನುಕೂಲವು ಕಡಿಮೆ. ಅಳ್ನಾವರದ ಗದ್ದೆ-ಕೆರೆಗಳಾದರೋ ಬಾತಿಗೆ ಒಪ್ಪುವ ಸ್ಥಳಗಳು. ಬಾತು ಕೆಸರಿನಲ್ಲಿರುವ ಬಸವನಹುಳು, ಕೀಟ, ಕಳೆಗಳನ್ನು ತಿಂದು ತನ್ನ ಆಹಾರದ ಬಹುಪಾಲನ್ನು ತಾನೇ ಸಂಪಾದಿಸುವದು. ಆದರೆ ಎಳೆಯ ನಾಟಿಯಲ್ಲಿಯೂ, ತೆನೆ ಬಂದ ಗದ್ದೆಯಲ್ಲಿಯೂ ಅದನ್ನು ಬಿಡಕೂಡದು. ನೆರೆಯವರ ಜಗಳಕ್ಕೆ ಕಾರಣವಾದೀತು.

ಸಾಕುಬಾತುಗಳು ಅನೇಕ ವೇಳೆ ಕಾವಿಗೆ ಸರಿಯಾಗಿ ಕೂಡುವದಿಲ್ಲ. ಆದಕಾರಣ ಬಾತಿನ ತತ್ತಿಗಳನ್ನು ಕೋಳಿಯ ಅಡಿಯಲ್ಲಿಡುವ ಪದ್ಧತಿಯುಂಟು. ಅವು ದೊಡ್ಡವಾಗಿರುವದರಿಂದ ಆರೇಳು ಸಾಕು. ಕಾವಿನ ಅವಧಿಯು ಇಪ್ಪತ್ತೆಂಟು ದಿನ. ಒಂದು ವಾರ ಹೆಚ್ಚಾಗಿ ಕೂಡುವ ಆ ಹೇಂಟೆಗೆ ಆಹಾರವನ್ನು ತಪ್ಪದೆ ಕೊಡಬೇಕು. ಬಾತಿನ ಗರಿಗೆ ನೀರು ಅಂಟದಿರುವದು ಬಾಲದ ಬುಡದಲ್ಲಿರುವ ಗ್ರಂಥಿಯ ಎಣ್ಣೆಯಿಂದ. ತಾಯಿಬಾತಿನ ಮೈಯೆಣ್ಣೆಯು ಮರಿಗಳಿಗೂ ಹತ್ತುವದು. ಕೋಳಿ ಸಾಕಿದ ಬಾತುಮರಿಗೆ ಆ ಅನುಕೂಲವಿಲ್ಲ. ಆದ್ದರಿಂದ ಗರಿ ಬಲಿಯುವ ತನಕ ಅದನ್ನು ಕೆರೆಗೆ ಬಿಡದೆ, ಮೂಗು ಮುಳುಗುವಷ್ಟು ನೀರಿನ ಪಾತ್ರೆಯನ್ನು ಮಾತ್ರ ಇಡತಕ್ಕದ್ದು. ಬಾತುಗಳು ಹೆಚ್ಚಾಗಿ ಮುಂಜಾನೆಯೇ ತತ್ತಿಯಿಡುವವು. ಒಂಬತ್ತು ಗಂಟೆಯ ವರೆಗೆ ಗೂಡಿನಲ್ಲಿಯೇ ಇಟ್ಟರೆ ತತ್ತಿಗಳು ಗದ್ದೆಯಲ್ಲಿ ಕಳೆದುಹೋಗುವದಿಲ್ಲ.

ಇನ್ನೊಂದು ಎಚ್ಚರಿಕೆಯು ನಮ್ಮ ಜಿಲ್ಲೆಗೆ ಬಹಳ ಬೇಕಾದದ್ದು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೆ ಮೀರಿ ಟರ್ಕಿಕೋಳಿಯ ಮರಿಗಳೂ, ಅವುಗಳೊಡನೆ ಬಾತುಮರಿಗಳೂ ಸತ್ತವು. ಬೂಷ್ಟು ಹಿಡಿದ ಶೇಂಗಾಹಿಂಡಿಯಲ್ಲಿದ್ದ ವಿಷವು ಅದಕ್ಕೆ ಕಾರಣವೆಂದು ಆಮೇಲೆ ಗೊತ್ತಾಯಿತು. ಈ ವಿಷಕ್ಕೆ ಬಾತುಮರಿಯು ಬೇಗನೆ ಬಲಿಯಾಗುವದು. ಮಳೆಗಾಲದಲ್ಲಿ ಬೂಷ್ಟು ಹತ್ತಿದ ಹಿಂಡಿಯನ್ನು ದನಗಳು ತಿನ್ನಲಿಲ್ಲವೆಂದು ಬಾತಿಗೆ ಹಾಕುವದು ದೊಡ್ಡ ತಪ್ಪು. ಕುದಿಸಿದರೂ ಆ ವಿಷವು ಹೋಗುವದಿಲ್ಲ.

ಹೆಚ್ಚು ತತ್ತಿಯಿಡುವ ಬಾತುಗಳಲ್ಲಿ ಖಾಕಿ ಕ್ಯಾಂಪ್‌ಬೆಲ್ ಎಂಬ ತಳಿಯು ಪ್ರಸಿದ್ಧವಾದುದು. ಹತ್ತೊಂಬತ್ತನೆಯ ಶತಮಾನವು ಮುಗಿಯುವ ಹೊತ್ತಿಗೆ ಇದನ್ನು ಸಿದ್ಧಪಡಿಸಿದವರು ಇಂಗ್ಲೆಂಡಿನ ಊಲಿ ಎಂಬ ಹಳ್ಳಿಯ ಶ್ರೀಮತಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಗೃಹಿಣಿಯು. ತನ್ನ ಮನೆಯ ಬಾತುಗಳಲ್ಲಿ ಯಾವದು ಎಷ್ಟು ತತ್ತಿಯಿಟ್ಟಿತೆಂಬದನ್ನು ಗಮನಿಸಿ, ಒಳ್ಳೆಯದನ್ನು ಆರಿಸಿ ಕೂಡಿಸಿ ಆಕೆ ಇದನ್ನು ಸಾಧಿಸಿದಳು.

೬. ರಾಣಿಖೇತ್ ರೋಗ ಮತ್ತು ಲಸಿಕೆ

ಎಲ್ಲ ಎಚ್ಚರಿಕೆಗಳನ್ನು ವಹಿಸಿದರೂ ಒಂದೇ ವಾರದಲ್ಲಿ ಓಣಿಯ ಕೋಳಿಗಳನ್ನೆಲ್ಲ ಬರಿದುಮಾಡುವ ರೋಗವೊಂದುಂಟು. ಅದೇ ರಾಣಿಖೇತ್ ರೋಗವು. ಹಿಮಾಲಯದ ತಪ್ಪಲಿನ ರಾಣಿಖೇತ್ ಊರಿನಿಂದ ಅದಕ್ಕೆ ಆ ಹೆಸರು. ಹಸಿರುಭೇದಿ, ಬಾಯಿ ತೆರೆದು ಉಸಿರಾಡುವದು, ಕತ್ತು ತಿರುಚುವದು ಇವು ಅದರ ಲಕ್ಷಣಗಳು. ಬಾತುಗಳಿಗೆ ಅದರ ಬಾಧೆಯು ಕಡಿಮೆಯಾದರೂ ಅವು ರೋಗಾಣುವನ್ನು ಹೊತ್ತು ತಂದು ಕೋಳಿಗೆ ಹಬ್ಬಿಸಬಲ್ಲವು. ರೋಗವು ಬಂದ ಮೇಲೆ ಮದ್ದಿಲ್ಲ, ಬಾರದಂತೆ ಲಸಿಕೆಯುಂಟು. ಮರಿಗೆ ಒಂದು ವಾರದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ. ಆರರಿಂದ ಎಂಟು ವಾರಗಳಾದಾಗ ಚುಚ್ಚುಮದ್ದು.

ಹಾಗಾದರೆ ನಮ್ಮ ಕೋಳಿಗಳು ಯಾಕೆ ಸಾಯುವವು? ಲಸಿಕೆಯು ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಹಕ್ಕಿಗಳಿಗೆ ಸಾಲುವ ಸೀಸೆಗಳಲ್ಲಿ ಬರುವದು. ಅದನ್ನು ತಣ್ಣಗೆ ಇಡಬೇಕು. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಹತ್ತು ಕೋಳಿಗಳ ಮನೆಗೆ ನೂರು ಹಕ್ಕಿಗಳ ಸೀಸೆಯೇಕೆ? ಒಬ್ಬಳೇ ತಾಯಿಯು ಅದನ್ನು ತರಲಾರಳು. ತಂದರೂ ನೆರೆಮನೆಯ ಹಕ್ಕಿಗಳಿಗೆ ಲಸಿಕೆಯಾಗದಿದ್ದರೆ ರೋಗವು ಓಣಿಯಲ್ಲಿಯೇ ಉಳಿಯುವದು. ಇದು ಒಂದು ಮನೆಯ ಕೆಲಸವಲ್ಲ, ಓಣಿಯ ಕೆಲಸವು.

ಇಲ್ಲಿಯೇ ಓದಿದ ಹುಡುಗಿಯ ಉಪಯೋಗವು. ಅವಳು ಮನೆಮನೆಗೆ ಹೋಗಿ, ಯಾರ ಮನೆಯಲ್ಲಿ ಎಷ್ಟು ಕೋಳಿ, ಎಷ್ಟು ಮರಿ ಎಂಬದನ್ನು ಬರೆದುಕೊಳ್ಳಲಿ. ಪಟ್ಟಿಯನ್ನು ಪಶುವೈದ್ಯರಿಗೆ ತೋರಿಸಿ ದಿನವನ್ನು ಗೊತ್ತುಮಾಡಲಿ. ಆ ಮುಂಜಾನೆ ಗೂಡುಗಳನ್ನು ತೆರೆಯದಿರುವಂತೆ ಎಲ್ಲರಿಗೂ ಹೇಳಿಬರಲಿ. ಹಕ್ಕಿಗಳು ಗೂಡಿನಲ್ಲಿರುವಾಗ ಹಿಡಿಯುವದು ಸುಲಭ. ಮುಂದಿನ ಲಸಿಕೆಯ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತಿಸಲಿ. ಇದಕ್ಕೆ ಬೇಕಾಗುವದು ಒಂದು ವಹಿ, ಒಂದು ಪೆನ್ಸಿಲು, ನೆರೆಯವರೊಡನೆ ಮಾತಾಡುವ ಧೈರ್ಯ ಇಷ್ಟೇ.

ಅನೇಕ ಹಕ್ಕಿಗಳು ಒಮ್ಮೆಲೇ ಸತ್ತರೆ ಅವುಗಳನ್ನು ತಿನ್ನಕೂಡದು, ಮಾರಕೂಡದು, ಹಳ್ಳಕ್ಕೆ ಎಸೆಯಕೂಡದು. ಕೂಡಲೆ ಪಶುವೈದ್ಯರಿಗೆ ತಿಳಿಸತಕ್ಕದ್ದು. ೨೦೦೬ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕಾಣಿಸಿದ ಹಕ್ಕಿಜ್ವರದಂಥ ರೋಗವು ಮನುಷ್ಯರಿಗೂ ಹತ್ತಬಹುದು. ಕೋಳಿಗಳನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವದನ್ನೂ, ಬಾತಿನ ತತ್ತಿಯನ್ನು ಚೆನ್ನಾಗಿ ಬೇಯಿಸುವದನ್ನೂ ಮರೆಯಬೇಡಿರಿ.

೭. ಹಣ ಮತ್ತು ಆಹಾರ

ಕ್ರೈಸ್ತ ಸಂಸ್ಥೆಗಳು ಈ ಕಸುಬನ್ನು ಬಡವರ ಏಳಿಗೆಗೆ ಸಾಧನವೆಂದು ಹಿಂದಿನಿಂದಲೂ ಬಗೆದಿವೆ. ಆಗಿನ ತಿರುವಾಂಕೂರು ಸಂಸ್ಥಾನದ ಮಾರ್ತಾಂಡದಲ್ಲಿ ಸ್ಪೆನ್ಸರ್ ಹ್ಯಾಚ್ ಎಂಬವರು ೧೯೨೦ರ ದಶಕದಲ್ಲಿ ನಡಿಸಿದ ವೈ.ಎಂ.ಸಿ.ಎ. ಗ್ರಾಮಕೇಂದ್ರವು ಕೋಳಿಸಾಕಣೆಯನ್ನು ಕಲಿಸಿದ್ದಲ್ಲದೆ, ಮನೆಮನೆಯ ತತ್ತಿಗಳನ್ನು ಒಟ್ಟುಗೂಡಿಸಿ ಸಹಕಾರದಿಂದ ಮಾರುವದನ್ನೂ ಕಲಿಸಿತು.

ಆದರೆ ಎಲ್ಲ ತತ್ತಿಗಳೂ ಸಂತೆಗೆ ಹೋಗುವದು ಸರಿಯಲ್ಲ. ಒಂದು ತತ್ತಿಯಲ್ಲಿ ಸುಮಾರು ೬ ಗ್ರಾಂ ಉತ್ತಮ ಪ್ರೋಟೀನು ಉಂಟು. ಅಲ್ಲದೆ ಎ ಮತ್ತು ಬಿ-೧೨ ಜೀವಸತ್ವಗಳುಂಟು. ಮಾರಿ ಉಳಿದದ್ದನ್ನು ಗಂಡುಮಕ್ಕಳ ತಟ್ಟೆಗೆ ಮೊದಲು ಹಾಕುವ ಮನೆಗಳಿವೆ. ಬೆಳೆಯುವ ಹುಡುಗಿಯ ಮೈಗೂ, ಬಸುರಿಯ ಮೈಗೂ ಅದರ ಅವಶ್ಯಕತೆಯು ಕಡಿಮೆಯದಲ್ಲ. ಕರ್ನಾಟಕದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ೨೦೨೪ರಲ್ಲಿ ವಾರಕ್ಕೆ ಆರು ದಿನ ತತ್ತಿ ಕೊಡುವ ಏರ್ಪಾಡಾದಾಗ ಹುಡುಗನಿಗೂ ಹುಡುಗಿಗೂ ಸಮನಾಗಿ ಒಂದೊಂದು ಸಿಕ್ಕಿತು. ಶಾಲೆಯ ಈ ನ್ಯಾಯವು ಮನೆಯ ಅಡಿಗೆಮನೆಗೂ ಬರಲಿ.

೮. ಸಮಾಪ್ತಿ

ಯೆರೂಸಲೇಮಿಗಾಗಿ ದುಃಖಪಟ್ಟ ನಮ್ಮ ಕರ್ತನು ತನ್ನ ಪ್ರೀತಿಯನ್ನು ತಿಳಿಸುವದಕ್ಕೆ ಮರಿಗಳನ್ನು ರೆಕ್ಕೆಯಡಿಗೆ ಕೂಡಿಸಿಕೊಳ್ಳುವ ಕೋಳಿಯನ್ನು ಉಪಮಾನವಾಗಿ ತೆಗೆದುಕೊಂಡನೆಂದು ಮತ್ತಾಯನ ಸುವಾರ್ತೆಯ ೨೩ನೆಯ ಅಧ್ಯಾಯದಲ್ಲಿ ಓದುತ್ತೇವೆ. ಕೇಳುತ್ತಿದ್ದ ಹೆಂಗಸರೆಲ್ಲರೂ ಹಿತ್ತಲಲ್ಲಿ ದಿನವೂ ಕಂಡ ದೃಶ್ಯವದು. ಆ ರೆಕ್ಕೆಯು ಹದ್ದನ್ನು ತಡೆಯಬಲ್ಲದು. ರೋಗವನ್ನೂ ಹಸಿನೆಲವನ್ನೂ ತಡೆಯಲಾರದು. ಆ ಭಾಗವನ್ನು ನಮ್ಮ ಕೈಗೆ ಬಿಟ್ಟಿರುತ್ತದೆ.

ಅಭ್ಯಾಸ

೧. ನಿಮ್ಮ ಮನೆಯ ಒಂದು ಹೇಂಟೆಯ ಲೆಕ್ಕವನ್ನು ನಾಲ್ಕು ತಿಂಗಳು ಬರೆಯಿರಿ: ಇಟ್ಟ ತತ್ತಿ, ಒಡೆದ ತತ್ತಿ, ಉಳಿದ ಮರಿ, ಸತ್ತ ಪ್ರತಿಯೊಂದು ಮರಿಯ ಮುಂದೆ ಕಾರಣ.
೨. ಬಾತು ಅಳ್ನಾವರಕ್ಕೆ ಒಪ್ಪುವದಕ್ಕೂ ನವಲಗುಂದಕ್ಕೆ ಒಪ್ಪದಿರುವದಕ್ಕೂ ಕಾರಣಗಳನ್ನು ಹೇಳಿರಿ.
೩. ಕೋಳಿ ಸಾಕಿದ ಬಾತುಮರಿಯನ್ನು ಕೆರೆಗೆ ಬಿಡಬಾರದೇಕೆ?
೪. ನಿಮ್ಮ ಓಣಿಯ ಕೋಳಿಗಳ ಪಟ್ಟಿಯನ್ನು ಮಾಡಿರಿ. ಲಸಿಕೆಯ ಒಂದು ಸೀಸೆಗೆ ಎಷ್ಟು ಮನೆಗಳು ಕೂಡಬೇಕು?