ನಿಕೊದೇಮನ ಹೊಸ ಹುಟ್ಟು

ಸಂಘದ ಸಭೆ ಮುಗಿದ ಮೇಲೆ ಒಬ್ಬ ತಾಯಿ ಕೇಳಿದರು: "ಸಿಸ್ಟರ್, ನಮ್ಮ ಮನೆಯವರಿಗೂ ಜ್ಞಾನಸ್ನಾನ ಆಗಿದೆ. ಕುಡಿಯೋದು ಮಾತ್ರ ಬಿಟ್ಟಿಲ್ಲ. ಇದೆಂಥಾ ಹೊಸ ಹುಟ್ಟು?" ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಬೈಬಲ್ ತೆರೆದೆವು.

ಯೊವಾನ್ನರ ಶುಭಸಂದೇಶದ 3ನೇ ಅಧ್ಯಾಯದಲ್ಲಿ ನಿಕೊದೇಮ ರಾತ್ರಿ ಹೊತ್ತು ಯೇಸುಸ್ವಾಮಿಯ ಬಳಿ ಬರುತ್ತಾನೆ. ದೊಡ್ಡ ಬೋಧಕ, ಆದರೂ ಮುದುಕನಾದವನು ಮತ್ತೆ ಹುಟ್ಟೋದು ಹೇಗೆ ಅಂತ ಕೇಳುತ್ತಾನೆ. ಅಲ್ಲಿರುವ 'ಆನೊಥೆನ್' ಎಂಬ ಗ್ರೀಕ್ ಪದಕ್ಕೆ 'ಮತ್ತೆ' ಎಂದೂ 'ಮೇಲಿನಿಂದ' ಎಂದೂ ಎರಡರ್ಥ. ಅವನು ಹಿಡಿದುಕೊಂಡದ್ದು ಮೊದಲನೆಯದನ್ನು. ಸ್ವಾಮಿ ಹೇಳಿದ್ದು ನೀರು ಮತ್ತು ಪವಿತ್ರಾತ್ಮರಿಂದ ಆಗುವ ಹುಟ್ಟನ್ನು. ಧರ್ಮಸಭೆ ಇದರಲ್ಲಿ ಜ್ಞಾನಸ್ನಾನವನ್ನು ಕಾಣುತ್ತದೆ.

ನಾವು ಸಾಮಾನ್ಯವಾಗಿ ಇಲ್ಲಿಗೇ ಪುಸ್ತಕ ಮುಚ್ಚುತ್ತೇವೆ. ಬೈಬಲನ್ನು ಪದೇ ಪದೇ ಓದಿರೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಎಲ್ಲ ವಿಶ್ವಾಸಿಗಳಿಗೂ ಹೇಳಿದೆ. ನಾವು ಮುಂದೆ ಓದಿದೆವು. 7ನೇ ಅಧ್ಯಾಯದಲ್ಲಿ ಅದೇ ನಿಕೊದೇಮ, ವಿಚಾರಣೆಯಿಲ್ಲದೆ ತೀರ್ಪು ಕೊಡಬಹುದೇ ಎಂದು ತನ್ನವರನ್ನೇ ಕೇಳಿ ಬೈಸಿಕೊಳ್ಳುತ್ತಾನೆ. 19ರಲ್ಲಿ, ಸ್ವಾಮಿಯ ಶವಸಂಸ್ಕಾರಕ್ಕೆ 30 ಕಿಲೋಗೂ ಮಿಕ್ಕ ಸುಗಂಧದ್ರವ್ಯ ತರುತ್ತಾನೆ. ರಾತ್ರಿ ಬಂದವನು ಇಷ್ಟು ದೂರ ಬರಲು ಸಮಯ ಹಿಡಿಯಿತು.

ಕುಡಿತ ಕಾಯಿಲೆಯೂ ಹೌದು, ಚಿಕಿತ್ಸೆಯೂ ಬೇಕು ಎಂದೆ. ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು: "ಹಾಗಾದ್ರೆ ನಮ್ಮವರು ಇನ್ನೂ ಮೂರನೇ ಅಧ್ಯಾಯದಲ್ಲೇ ಇದ್ದಾರೆ ಸಿಸ್ಟರ್."