ಗರ್ಭಕಂಠದ ಅರ್ಬುದ, ಗರ್ಭಾಶಯದ ಒಳಪದರದ ಅರ್ಬುದ: ಸಂಶೋಧನೆ ಮತ್ತು ಚಿಕಿತ್ಸೆ

ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಅರ್ಬುದವೆಂದು ಹೆಸರಾದ ವ್ಯಾಧಿಯನ್ನು ಕನ್ನಡದಲ್ಲಿ ಏಡಿಗಂತಿಯೆಂದು ಕರೆದವರುಂಟು. ಗಂತಿಯೆಂದರೆ ಗಂಟು. ಏಡಿಯ ಕಾಲುಗಳಂತೆ ಸುತ್ತಲೂ ಚಾಚಿಕೊಂಡು, ಹಿಡಿದುದನ್ನು ಬಿಡದ ಗಂಟು ಎಂಬುದು ಆ ಪದದ ಭಾವ. ಗ್ರೀಕರ ‘ಕಾರ್ಕಿನೋಸ್’, ಲ್ಯಾಟಿನ್ನಿನ ‘ಕ್ಯಾನ್ಸರ್’, ಸಂಸ್ಕೃತದ ‘ಕರ್ಕಟ’ ಇವೆಲ್ಲವೂ ಏಡಿಯ ಹೆಸರುಗಳೇ. ಸುಶ್ರುತಸಂಹಿತೆಯ ನಿದಾನಸ್ಥಾನವು ಅರ್ಬುದವನ್ನು ದುಂಡಗಿನ, ಗಟ್ಟಿಯಾದ, ಬಹುಕಾಲ ಬೆಳೆಯುವ, ಪಕ್ವವಾಗದ ಬಾವೆಂದು ವರ್ಣಿಸಿದೆ. ಬಹುಕಾಲ ಬೆಳೆಯುವುದೆಂಬ ಆ ವಿಶೇಷಣವೇ ಪ್ರಕೃತ ವಿಷಯಕ್ಕೆ ಮುಖ್ಯವಾದುದು. ಗರ್ಭಕಂಠದ ಕ್ಯಾನ್ಸರು ಮೊದಲ ವಿಕಾರದಿಂದ ಪೂರ್ಣರೂಪಕ್ಕೆ ಬರಲು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷಗಳು ಬೇಕು. ಇಷ್ಟು ದೀರ್ಘ ಅವಕಾಶವನ್ನು ಕೊಡುವ ಮಾರಕರೋಗಗಳು ವಿರಳ. ಹಾಗಿದ್ದರೂ ಜಾಗತಿಕ ಅಂದಾಜಿನಂತೆ 2022ನೆಯ ಒಂದೇ ವರ್ಷ ಭಾರತದಲ್ಲಿ 1,27,000ಕ್ಕೂ ಹೆಚ್ಚು ಸ್ತ್ರೀಯರಲ್ಲಿ ಈ ರೋಗವು ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 80,000 ಮಂದಿ ಅದರಿಂದ ಮೃತರಾದರು. ರೋಗವೇ ಕೊಟ್ಟ ಕಾಲವು ಎಲ್ಲಿ ಕಳೆದುಹೋಗುತ್ತದೆಂಬುದು ವಿಚಾರಣೀಯ.

ಗರ್ಭಾಶಯವು ತಲೆಕೆಳಗಾಗಿ ತೂಗುಬಿಟ್ಟ ಚಿಕ್ಕ ಸೋರೆಬುರುಡೆಯ ಆಕಾರದ್ದು. ಕೆಳಗಿನ ಕಿರಿದಾದ ಕೊರಳು ಗರ್ಭಕಂಠ. ಮೇಲಿನ ಅಗಲವಾದ ಭಾಗದ ಗೋಡೆಗೆ ಒಳಗಿನಿಂದ ಲೇಪದಂತಿರುವ ಪೊರೆ ಒಳಪದರ. ತಿಂಗಳು ತಿಂಗಳೂ ಕಳಚಿ ಹೋಗುವುದು ಇದೇ. ಒಂದೇ ಅವಯವದ ಭಾಗಗಳಾದರೂ ಇವುಗಳ ಕ್ಯಾನ್ಸರುಗಳು ಬೇರೆ ಬೇರೆ. ಮೊದಲನೆಯದಕ್ಕೆ ವೈರಸ್ಸು ಕಾರಣ. ಎರಡನೆಯದು ಬಹುಮಟ್ಟಿಗೆ ಹಾರ್ಮೋನುಗಳ ಏರುಪೇರಿನಿಂದ, ಹೆಚ್ಚಾಗಿ ಮುಟ್ಟು ನಿಂತ ಮೇಲೆ ಬರುವಂಥದು. ಆದರೆ ಎರಡೂ ಒಂದೇ ಬಗೆಯಾಗಿ ಸೂಚನೆ ಕೊಡುತ್ತವೆ: ಹೊತ್ತಲ್ಲದ ಹೊತ್ತಿನಲ್ಲಿ ರಕ್ತಸ್ರಾವ. ಎರಡು ಮುಟ್ಟುಗಳ ನಡುವೆ, ದಾಂಪತ್ಯ ಸಂಪರ್ಕದ ತರುವಾಯ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಕಾಣುವ ರಕ್ತವೂ ದುರ್ಗಂಧದ ಬಿಳಿಮುಟ್ಟೂ ಉಪೇಕ್ಷಿಸತಕ್ಕವಲ್ಲ.

ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ಸೂಚನೆಯನ್ನು ಬಾಯಿಬಿಟ್ಟು ಹೇಳಲು ಭಾಷೆಯೇ ಅಡ್ಡ ಬರುತ್ತದೆ. ಋತುಮತಿಯಾದವಳನ್ನು ‘ಹೊರಗಾದಳು’ ಎನ್ನುವುದು ರೂಢಿ. ಸ್ಪರ್ಶವನ್ನು ಹೇಳುವ ‘ಮುಟ್ಟು’ ಎಂಬ ಪದವು ಮುಟ್ಟಬಾರದ ಸ್ಥಿತಿಗೆ ಹೆಸರಾಗಿ ನಿಂತಿರುವುದು ಇನ್ನೂ ವಿಚಿತ್ರ. ಭತ್ತದ ನಾಟಿಯಲ್ಲಿ, ಹತ್ತಿ ಬಿಡಿಸುವ ಕೆಲಸದಲ್ಲಿ ಬಗ್ಗಿದ ಬೆನ್ನನ್ನು ಎತ್ತಲೂ ಪುರುಸೊತ್ತಿಲ್ಲದ ಹೆಣ್ಣುಮಗಳು ಇದನ್ನು ಗಂಡನಿಗೂ ಹೇಳಳು, ಅತ್ತೆಗೂ ಹೇಳಳು. ವಯಸ್ಸಿನ ದೋಷವೆಂದೋ, ಉಷ್ಣವೆಂದೋ ತಾನೇ ಸಮಾಧಾನ ಮಾಡಿಕೊಳ್ಳುತ್ತಾಳೆ. ಹನ್ನೆರಡನೆಯ ಶತಮಾನದ ಶರಣರು ಜನನ, ಪ್ರೇತ, ಉಚ್ಛಿಷ್ಟ, ಜಾತಿ, ರಜಸ್ಸುಗಳೆಂಬ ಐದು ಸೂತಕಗಳನ್ನೂ ನಿರಾಕರಿಸಿದರು. ಲಿಂಗವನ್ನು ಧರಿಸಿದವಳಿಗೆ ರಜಸ್ಸೂತಕವಿಲ್ಲವೆಂಬುದು ಲಿಂಗಾಯತ ಸಿದ್ಧಾಂತ. ಗಂಡನ ತಪ್ಪನ್ನು ಗಂಡನೆದುರಿಗೇ ಎತ್ತಿ ಹೇಳಿದ ಆಯ್ದಕ್ಕಿ ಲಕ್ಕಮ್ಮನು ಇದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳೆಂದು ಪ್ರತೀತಿಯಿದೆ. ಸಿದ್ಧಾಂತವನ್ನು ಒಪ್ಪಿದ ಮನೆಗಳಲ್ಲಿಯೂ ಆಚಾರವು ಅದನ್ನು ಹಿಂಬಾಲಿಸಲಿಲ್ಲ. ಅದರ ಬೆಲೆಯನ್ನು ತೆರುತ್ತಿರುವವರು ತಾಯಂದಿರು.

ಈ ರೋಗದ ಕಾರಣವನ್ನು ಹುಡುಕಿದ ಚರಿತ್ರೆ ಸ್ವಾರಸ್ಯವಾದುದು. ಇಟಲಿಯ ವೆರೋನಾ ಪಟ್ಟಣದ ಮರಣದಾಖಲೆಗಳನ್ನು ಪರಿಶೀಲಿಸಿದ ರಿಗೋನಿ ಸ್ಟೆರ್ನ್ ಎಂಬ ವೈದ್ಯನು, ಗರ್ಭಾಶಯದ ಕ್ಯಾನ್ಸರು ಗೃಹಿಣಿಯರಲ್ಲಿ ಹೆಚ್ಚು, ಸಂನ್ಯಾಸಿನಿಯರಲ್ಲಿ ವಿರಳವೆಂದು 1842ರಲ್ಲಿ ಪ್ರಕಟಿಸಿದನು. ಗರ್ಭಕಂಠದಿಂದ ಉದುರುವ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯನ್ನು ರೂಪಿಸಿದವರು ಜಾರ್ಜ್ ಪಾಪನಿಕೊಲಾವ್; ‘ಪ್ಯಾಪ್’ ಪರೀಕ್ಷೆಯೆಂಬುದು ಅವರ ಹೆಸರಿನ ಮೊಟಕು. 1951ರಲ್ಲಿ ಅಮೆರಿಕೆಯ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಮಹಿಳೆ ಇದೇ ರೋಗದಿಂದ ತೀರಿಕೊಂಡಳು. ಆಕೆಯ ಒಪ್ಪಿಗೆಯಿಲ್ಲದೆ ತೆಗೆದ ಗಂತಿಯ ಜೀವಕೋಶಗಳು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ 1983 ಮತ್ತು 1984ರಲ್ಲಿ ಗರ್ಭಕಂಠದ ಕ್ಯಾನ್ಸರಿನಲ್ಲಿ ಪ್ಯಾಪಿಲೋಮಾ ವೈರಸ್ಸಿನ 16 ಮತ್ತು 18ನೆಯ ಬಗೆಗಳನ್ನು ಗುರುತಿಸಿದರು. ಲ್ಯಾಕ್ಸಳ ಆ ಜೀವಕೋಶಗಳಲ್ಲಿಯೂ 18ನೆಯ ಬಗೆಯೇ ಸಿಕ್ಕಿತು. 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಈ ವೈರಸ್ಸು ದಾಂಪತ್ಯ ಸಂಪರ್ಕದಿಂದ ಹರಡುವುದಾದರೂ ಅದು ಅತಿ ಸಾಮಾನ್ಯವಾದುದು. ಬಹುಪಾಲು ಜನರಿಗೆ ಒಮ್ಮೆಯಾದರೂ ತಗಲಿ, ಒಂದೆರಡು ವರ್ಷಗಳಲ್ಲಿ ತಾನಾಗಿ ಹೋಗಿಬಿಡುತ್ತದೆ. ಎಲ್ಲೋ ಕೆಲವರಲ್ಲಿ ಮಾತ್ರ ನೆಲೆನಿಂತು ವಿಕಾರವನ್ನುಂಟುಮಾಡುತ್ತದೆ. ಆದುದರಿಂದ ಈ ರೋಗಕ್ಕೂ ಸ್ತ್ರೀಯ ಚಾರಿತ್ರ್ಯಕ್ಕೂ ಗಂಟುಹಾಕುವುದು ಅಜ್ಞಾನ.

ಹೀಗೆ ಕಾರಣ ತಿಳಿದ ಮೇಲೆ ಉಳಿದ ಪ್ರಶ್ನೆ, ಹಳ್ಳಿಯ ಹೆಣ್ಣುಮಕ್ಕಳಲ್ಲಿ ವಿಕಾರವನ್ನು ಮೊದಲೇ ಕಂಡುಹಿಡಿಯುವ ಬಗೆ ಯಾವುದೆಂಬುದು. ಅದಕ್ಕೆ ಉತ್ತರ ಸಿಕ್ಕಿದ್ದು ರಾಯಚೂರಿನಂತೆಯೇ 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ, ಇಲ್ಲಿಯಂತೆಯೇ ಮಳೆಗೆ ಬಾಯ್ದೆರೆದ ಉಸ್ಮಾನಾಬಾದ್ ಜಿಲ್ಲೆಯಲ್ಲಿ. 2023ರಿಂದ ಅದರ ಹೆಸರು ಧಾರಾಶಿವ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, ಫ್ರಾನ್ಸಿನ ಲಿಯೋನ್ ನಗರದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇವು ಸೇರಿ 1999ರಲ್ಲಿ ಅಲ್ಲಿ ಅಧ್ಯಯನವನ್ನು ಆರಂಭಿಸಿದವು. 30ರಿಂದ 59 ವಯಸ್ಸಿನ 1,31,746 ಆರೋಗ್ಯವಂತ ಸ್ತ್ರೀಯರನ್ನು ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಪ್ಯಾಪ್ ಪರೀಕ್ಷೆ. ಇನ್ನೊಂದಕ್ಕೆ ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಸವರಿ ಬೆಳ್ಳಗಾಗುವ ಕಲೆಯನ್ನು ಬರಿಗಣ್ಣಿನಿಂದ ನೋಡುವ ಪರೀಕ್ಷೆ. ಮೂರನೆಯದಕ್ಕೆ ವೈರಸ್ಸಿನ ಪರೀಕ್ಷೆ. ನಾಲ್ಕನೆಯದಕ್ಕೆ ಯಾವ ಪರೀಕ್ಷೆಯೂ ಇರಲಿಲ್ಲ. ಎಂಟು ವರ್ಷಗಳ ಅವಧಿಯಲ್ಲಿ, ಸುಮಾರು 34,000 ಸ್ತ್ರೀಯರಿದ್ದ ವೈರಸ್ ಪರೀಕ್ಷೆಯ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತವರು 34; ಪರೀಕ್ಷೆಯಿಲ್ಲದ ಸುಮಾರು 31,500 ಮಂದಿಯಲ್ಲಿ 64. ಜೀವಮಾನದಲ್ಲಿ ಒಂದೇ ಒಂದು ಸಲ ಮಾಡಿದ ಪರೀಕ್ಷೆಯು ಮರಣವನ್ನು ಅರ್ಧಕ್ಕಿಳಿಸಿತೆಂಬ ಈ ಫಲಿತಾಂಶವು 2009ರಲ್ಲಿ ಪ್ರಕಟವಾದಾಗ ಲೋಕದ ಗಮನ ಸೆಳೆಯಿತು. ನಾಲ್ಕನೆಯ ಗುಂಪಿನ ಬಡ ಸ್ತ್ರೀಯರನ್ನು ಪರೀಕ್ಷಿಸದೆ ಬಿಟ್ಟದ್ದು ಸರಿಯೇ ಎಂಬ ಆಕ್ಷೇಪವೂ ಎದ್ದಿತು. ಆ ಆಕ್ಷೇಪ ತಳ್ಳಿಹಾಕುವಂಥದಲ್ಲ. ಆ ತಾಯಂದಿರ ಸಾವಿನಿಂದ ದೊರೆತ ತಿಳಿವನ್ನು ಬಳಸದೆ ಬಿಡುವುದು ಎರಡನೆಯ ಅನ್ಯಾಯವಾದೀತು.

ಆಮ್ಲದ ಪರೀಕ್ಷೆಯನ್ನೂ ಹೀನವೆಂದು ಎಣಿಸಬೇಕಾಗಿಲ್ಲ. ಮುಂಬಯಿಯ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರೇ ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿದುದರಿಂದ ಮರಣವು ನೂರಕ್ಕೆ 31ರಷ್ಟು ಇಳಿಯಿತೆಂದು 2014ರಲ್ಲಿ ವರದಿಯಾಯಿತು. ನೋವಿಲ್ಲ, ಕೆಲವು ನಿಮಿಷಗಳ ಕೆಲಸ. 30 ವರ್ಷ ದಾಟಿದ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಇದನ್ನು ಮಾಡಬೇಕೆಂದು ಕೇಂದ್ರ ಸರ್ಕಾರವು 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 30ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಎಂದಾದರೂ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. ಪರೀಕ್ಷೆಯಲ್ಲಿ ಕಂಡ ಪೂರ್ವವಿಕಾರವನ್ನು ಶೈತ್ಯದಿಂದಲೋ ಶಾಖದಿಂದಲೋ ಅಲ್ಲಿಯೇ ನಾಶಪಡಿಸಬಹುದು, ಗರ್ಭಕೋಶಕ್ಕೆ ಹಾನಿಯಿಲ್ಲ.

ರೋಗವೇ ಬಂದಾಗ ಚಿಕಿತ್ಸೆಯು ಅದರ ಘಟ್ಟವನ್ನು ಅವಲಂಬಿಸುತ್ತದೆ. ಕಂಠದೊಳಗೇ ಇರುವ ಚಿಕ್ಕ ಗಂತಿಗೆ ಶಸ್ತ್ರಕ್ರಿಯೆ ಸಾಕಾಗಬಹುದು. ಅದನ್ನು ಮೀರಿ ಹಬ್ಬಿದ್ದರೆ ವಿಕಿರಣ ಚಿಕಿತ್ಸೆಯೇ ಮುಖ್ಯ. ಜನರು ಇದನ್ನೇ ‘ಕರೆಂಟು ಕೊಡುವುದು’ ಎನ್ನುತ್ತಾರೆ. ಹೊರಗಿನಿಂದ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಐದು ವಾರ, ಜತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಔಷಧಿ, ಕೊನೆಯಲ್ಲಿ ವಿಕಿರಣದ ಮೂಲವನ್ನು ಗರ್ಭಕಂಠದ ಬಳಿಯೇ ಇರಿಸುವ ಒಳಚಿಕಿತ್ಸೆ. ಮೂರನೆಯ ಘಟ್ಟದ 850 ಸ್ತ್ರೀಯರ ಮೇಲೆ ಟಾಟಾ ಸ್ಮಾರಕ ಆಸ್ಪತ್ರೆ ನಡೆಸಿದ ಅಧ್ಯಯನವು 2018ರಲ್ಲಿ ಪ್ರಕಟವಾಯಿತು. ವಿಕಿರಣವೊಂದನ್ನೇ ಪಡೆದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 46. ಸಿಸ್ಪ್ಲಾಟಿನ್ ಸೇರಿಸಿದಾಗ 54. ವಿಕಿರಣಕ್ಕೆ ಮುನ್ನ ಆರು ವಾರ ಔಷಧಿ ಕೊಡುವುದರಿಂದ ಇನ್ನಷ್ಟು ಪ್ರಯೋಜನವಿದೆಯೆಂದು, ಭಾರತದ ರೋಗಿಗಳೂ ಭಾಗಿಗಳಾಗಿದ್ದ ಅಂತರರಾಷ್ಟ್ರೀಯ ಅಧ್ಯಯನವೊಂದು 2024ರಲ್ಲಿ ತೋರಿಸಿತು. ವಿಕಿರಣವು ಆರಂಭವಾದ ಮೇಲೆ ಎಲ್ಲವೂ ಎಂಟು ವಾರಗಳೊಳಗೆ ಮುಗಿಯಬೇಕು. ನಡುವೆ ನಿಂತರೆ ಗಂತಿಯು ಮತ್ತೆ ಚಿಗುರುತ್ತದೆ. ದೇವದುರ್ಗದ ಕಡೆಯಿಂದ ಗುಳೆ ಹೋಗುವ ಕುಟುಂಬಕ್ಕೆ ಎಂಟು ವಾರ ಪರಸ್ಥಳದಲ್ಲಿ ಕುಳಿತಿರುವುದು ಔಷಧಿಯ ವೆಚ್ಚಕ್ಕಿಂತ ದೊಡ್ಡ ಕಷ್ಟ. ಸ್ವಲ್ಪ ಗುಣ ಕಂಡೊಡನೆ ಊರಿಗೆ ಮರಳಿ, ಒಳಚಿಕಿತ್ಸೆಯನ್ನು ತಪ್ಪಿಸಿಕೊಳ್ಳುವುದು ಇಂಥ ಸಂಕಟದಲ್ಲಿಯೇ. ಈ ಭಾಗದವರಿಗೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಸಂಸ್ಥೆಗಿಂತ ಅದರ ಕಲಬುರಗಿಯ ಕೇಂದ್ರ ಸಮೀಪ. ಮೊದಲ ತಪಾಸಣೆಗೆ ತಾಲ್ಲೂಕು ಆಸ್ಪತ್ರೆಗಳೂ, 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇವೆ. ರಕ್ತಹೀನತೆಯಿದ್ದರೆ ವಿಕಿರಣದ ಪ್ರಭಾವ ಕುಗ್ಗುವುದರಿಂದ, ಮೊದಲೇ ರಕ್ತವನ್ನು ಪರೀಕ್ಷಿಸಿ ಬೇಕಾದಲ್ಲಿ ರಕ್ತ ಕೊಡುತ್ತಾರೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಕೇಡೂ ಇದೆ. ಬಿಳಿಮುಟ್ಟು, ಹೊಟ್ಟೆನೋವುಗಳಿಗಾಗಿ ಬಂದ ತರುಣಿಯರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶವನ್ನೇ ತೆಗೆದುಹಾಕಿದ ಪ್ರಕರಣಗಳು ಕಲಬುರಗಿ ಜಿಲ್ಲೆಯಲ್ಲಿ 2015ರ ಸುಮಾರಿಗೆ ದೊಡ್ಡ ಸುದ್ದಿಯಾದವು. ಪರೀಕ್ಷೆಯಿಲ್ಲದೆ ಮಾಡಿದ ಇಂಥ ಶಸ್ತ್ರಕ್ರಿಯೆ ರೋಗವಿಲ್ಲದವಳಿಗೆ ಅಕಾಲ ಮುಪ್ಪನ್ನು ತಂದೀತು. ನಿಜವಾಗಿ ಕ್ಯಾನ್ಸರಿದ್ದವಳಿಗೆ ಅರೆಬರೆಯಾದ ಶಸ್ತ್ರಕ್ರಿಯೆಯಿಂದ ಮುಂದಿನ ಚಿಕಿತ್ಸೆ ಕಠಿನವಾಗುತ್ತದೆ. ಮೊದಲು ಪರೀಕ್ಷೆ, ಬಳಿಕ ಮಾತ್ರ ಶಸ್ತ್ರ.

ಒಳಪದರದ ಕ್ಯಾನ್ಸರಿಗೆ ಈ ಬಗೆಯ ಸಾಮೂಹಿಕ ಪರೀಕ್ಷೆಯಿಲ್ಲ. ರಕ್ತಸ್ರಾವವೇ ಅದರ ದೂತ. ಸ್ಥೂಲಕಾಯ, ಸಕ್ಕರೆ ರೋಗ, ಮಕ್ಕಳಾಗದಿರುವುದು, ಈಸ್ಟ್ರೋಜನ್ ಹಾರ್ಮೋನಿನ ಏಕಾಧಿಪತ್ಯ ಇವು ಅದಕ್ಕೆ ಎಡೆಮಾಡುತ್ತವೆ. ಆದುದರಿಂದ ಕೂಲಿಕಾರ ಹೆಂಗಸರಿಗಿಂತ ರಾಯಚೂರು ನಗರದ ಕುಳಿತುಂಬ ಮನೆಗಳಲ್ಲಿ ಇದರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಒಳಪದರದ ಚೂರನ್ನು ತೆಗೆದು ಪರೀಕ್ಷಿಸಬೇಕು. ಬೇಗ ಕಂಡಲ್ಲಿ ಗರ್ಭಾಶಯವನ್ನೂ ಅಂಡಾಶಯಗಳನ್ನೂ ತೆಗೆಯುವುದರಿಂದಲೇ ಬಹುತೇಕ ಗುಣವಾಗುತ್ತದೆ. ಈ ಕ್ಯಾನ್ಸರಿನಲ್ಲಿ ವಂಶವಾಹಿಗಳ ಲಕ್ಷಣದಿಂದ ನಾಲ್ಕು ಬಗೆಗಳಿವೆಯೆಂದು 2013ರಲ್ಲಿ ತಿಳಿದುಬಂದಿತು. ಯಾರಿಗೆ ವಿಕಿರಣ ಬೇಕು, ಯಾರಿಗೆ ಬೇಡವೆಂಬುದನ್ನು ಈಗ ಅದರಿಂದಲೂ ನಿರ್ಣಯಿಸುತ್ತಾರೆ.

ಗರ್ಭಕಂಠದ ಕ್ಯಾನ್ಸರಿಗೆ ಲಸಿಕೆಯುಂಟು. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಅದಕ್ಕೆ ಮುಂಚೆ 2009ರಲ್ಲಿ ಭಾರತದಲ್ಲಿ ಆರಂಭವಾದ ಲಸಿಕೆಯ ಅಧ್ಯಯನವೊಂದು ವಿವಾದದ ಕಾರಣ 2010ರಲ್ಲಿ ಅರ್ಧಕ್ಕೇ ನಿಂತು, ಅನೇಕ ಬಾಲಿಕೆಯರಿಗೆ ಒಂದೇ ಚುಚ್ಚುಮದ್ದು ದೊರೆತಿತ್ತು. ಹತ್ತು ವರ್ಷ ಅವರನ್ನು ಗಮನಿಸಿದಾಗ, 16 ಮತ್ತು 18ನೆಯ ಬಗೆಗಳು ದೇಹದಲ್ಲಿ ನೆಲೆನಿಲ್ಲದಂತೆ ಒಂದೇ ಚುಚ್ಚುಮದ್ದು ನೂರಕ್ಕೆ 95ರಷ್ಟು ತಡೆದಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಒಂದು ಸಲದ ಲಸಿಕೆಯನ್ನೂ ಒಪ್ಪಿತು. 9ರಿಂದ 14 ವರ್ಷ, ಎಂದರೆ ನಾಲ್ಕನೆಯ ತರಗತಿಯಿಂದ ಒಂಬತ್ತನೆಯ ತರಗತಿಯವರೆಗಿನ ವಯಸ್ಸು, ಅದಕ್ಕೆ ಪ್ರಶಸ್ತ ಕಾಲ. ಲಸಿಕೆ ಪಡೆದವಳಿಗೂ 30 ವರ್ಷ ತುಂಬಿದ ಮೇಲೆ ಪರೀಕ್ಷೆ ತಪ್ಪಿದ್ದಲ್ಲ, ಏಕೆಂದರೆ ಈ ರೋಗವನ್ನು ತರುವ ವೈರಸ್ಸಿನ ಎಲ್ಲ ಬಗೆಗಳಿಗೂ ಲಸಿಕೆ ತಡೆಯಾಗದು.