ಮೆಟ್ರೊ ಟಿಕೆಟ್ ಕಲಿಸುವ ವೆಚ್ಚದ ಪಾಠ



ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂಬ ಪಾಠವನ್ನು ಅರ್ಥಶಾಸ್ತ್ರದಲ್ಲಿ ನಾವೆಲ್ಲ ಓದುತ್ತೇವೆ. ಪುಸ್ತಕದ ಉದಾಹರಣೆ ಕಾರ್ಖಾನೆಯದು. ಆದರೆ ಹೊಸಹಳ್ಳಿಯಿಂದ ಪಿಯುಸಿ ಮುಗಿಸಿದವರಲ್ಲಿ ಹಲವರು ಓದಿಗೋ ಕೆಲಸಕ್ಕೋ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅವರಿಗೆ ಉಪಯೋಗವಾಗಲೆಂದು ಈ ಪಾಠವನ್ನು ನಮ್ಮ ಮೆಟ್ರೊ ಮೂಲಕ ಬರೆಯುತ್ತಿದ್ದೇನೆ.

ಬೆಂಗಳೂರಿನ ಮೊದಲ ಮೆಟ್ರೊ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿತು. 42.3 ಕಿ.ಮೀ. ಉದ್ದದ ಮೊದಲ ಹಂತ 2017ರ ಜೂನ್‌ನಲ್ಲಿ ಪೂರ್ಣವಾಯಿತು. ಅದಕ್ಕೆ ತಗುಲಿದ್ದು ಸುಮಾರು 14,000 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಒಂದು ಕಿ.ಮೀ.ಗೆ ಸುಮಾರು 330 ಕೋಟಿ! ಭೂಮಿ, ಕಂಬ, ಸುರಂಗ, ನಿಲ್ದಾಣ, ಸಿಗ್ನಲ್ ಇವೆಲ್ಲ ಸ್ಥಿರ ವೆಚ್ಚ. ರೈಲು ಖಾಲಿ ಓಡಿದರೂ ಸಾಲದ ಬಡ್ಡಿ ಮತ್ತು ಸವಕಳಿ ನಿಲ್ಲುವುದಿಲ್ಲ.

ಲೆಕ್ಕಕ್ಕಾಗಿ ಒಂದು ಓಡಾಟದ ವೆಚ್ಚ 20,000 ರೂಪಾಯಿ ಎಂದುಕೊಳ್ಳೋಣ. 200 ಜನ ಹತ್ತಿದರೆ ತಲೆಗೆ 100 ರೂಪಾಯಿ. ಆರು ಬೋಗಿಯ ರೈಲಿನಲ್ಲಿ ಸುಮಾರು 2,000 ಜನ ಹಿಡಿಸುತ್ತಾರೆ. ಅಷ್ಟೂ ಜನ ಹತ್ತಿದರೆ ತಲೆಗೆ ಬರೀ 10 ರೂಪಾಯಿ. ಜನ ಹೆಚ್ಚಿದಷ್ಟೂ ಸರಾಸರಿ ವೆಚ್ಚ ಇಳಿಯುತ್ತದೆ. ಆದ್ದರಿಂದಲೇ ಮೆಟ್ರೊ ಮಹಾನಗರಕ್ಕೆ ಹೊಂದುತ್ತದೆ. ನಮ್ಮ ಭಾಗಕ್ಕೆ ಕೊಟ್ಟೂರಿನ ಮೂಲಕ ಹೋಗುವ ಹೊಸಪೇಟೆ–ಹರಿಹರ ರೈಲು ಮಾರ್ಗ ಮತ್ತು ಬಸ್ಸುಗಳೇ ಸರಿ.

ಇನ್ನು ದರದ ವಿಷಯ. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ದರ ಏರಿದರೆ ಆದಾಯವೂ ಏರುತ್ತದೆಯೇ? 100 ಜನ 60 ರೂಪಾಯಿಯಂತೆ ಕೊಟ್ಟರೆ 6,000. ದರ 90 ಆದಾಗ 80 ಜನ ಉಳಿದರೆ 7,200, ಅಂದರೆ ಲಾಭ. 60 ಜನ ಮಾತ್ರ ಉಳಿದರೆ 5,400, ಅಂದರೆ ನಷ್ಟ. ಇದೇ ಬೇಡಿಕೆಯ ಸ್ಥಿತಿಸ್ಥಾಪಕತ್ವ. ಬೈಕ್ ಇದ್ದವನು ಮೆಟ್ರೊ ಬಿಡಬಲ್ಲ, ಇಲ್ಲದವನು ಬಿಡಲಾರ. ಬಿಟ್ಟವನ ಬೈಕ್ ರಸ್ತೆಗೆ ಬಂದಾಗ ಆಗುವ ದಟ್ಟಣೆ ಮತ್ತು ಹೊಗೆಯ ವೆಚ್ಚ ಮೆಟ್ರೊದ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ, ಊರೇ ಅದನ್ನು ಭರಿಸುತ್ತದೆ. ಹಾಗಾಗಿ ಸಾರಿಗೆಯನ್ನು ಕೇವಲ ಲಾಭ-ನಷ್ಟದಿಂದ ಅಳೆಯಬಾರದು ಎಂಬುದು ನನ್ನ ಅಭಿಪ್ರಾಯ. ನಮ್ಮ ಅಮ್ಮಿ ಶಕ್ತಿ ಯೋಜನೆಯಲ್ಲಿ ಕೂಡ್ಲಿಗಿ ಆಸ್ಪತ್ರೆಗೆ ಉಚಿತವಾಗಿ ಹೋಗಿ ಬರುತ್ತಾರೆ. ಆ ಟಿಕೆಟ್ಟಿನ ಹಣವನ್ನು ಸರ್ಕಾರ ಭರಿಸುತ್ತದೆ. ಮೆಟ್ರೊಗೆ ಆ ಯೋಜನೆ ಅನ್ವಯಿಸುವುದಿಲ್ಲ.

ಬೆಂಗಳೂರಿಗೆ ಹೋಗುವವರು ರೂಮು ಹಿಡಿಯುವ ಮುಂಚೆ ಈ ಲೆಕ್ಕ ಮಾಡಲೇಬೇಕು. ನನ್ನ ಭಾಯಿಜಾನ್ ಅಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅವರ ಮುಂದೆ ಎರಡು ದಾರಿ ಇದ್ದವು. ಅಂಗಡಿಯ ಹತ್ತಿರ 7,000 ಬಾಡಿಗೆ, ಊರಂಚಿನಲ್ಲಿ 4,000. "ಮೂರು ಸಾವಿರ ಉಳಿಯುತ್ತದಲ್ಲ ಬೇಟಾ" ಎಂದರು ಅಮ್ಮಿ. ನಾವಿಬ್ಬರೂ ಕೂತು ಕೂಡಿದೆವು. ಗರಿಷ್ಠ ದರ 90, ದಿನಕ್ಕೆ ಎರಡು ಸಲ, ತಿಂಗಳಿಗೆ 26 ದಿನ: 4,680. ಬಾಡಿಗೆ ಸೇರಿ 8,680. ಹಳೆಯ 60ರ ದರದಲ್ಲಾದರೆ 7,120. ಜೊತೆಗೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಎಂದರೆ ತಿಂಗಳಿಗೆ 52 ಗಂಟೆ. ಅಷ್ಟು ಹೊತ್ತಿನಲ್ಲಿ ಮಾಡಬಹುದಾಗಿದ್ದ ಓದು, ದುಡಿಮೆಯೇ ಅವಕಾಶ ವೆಚ್ಚ. ಭಾಯಿಜಾನ್ ಹತ್ತಿರದ ರೂಮನ್ನೇ ಹಿಡಿದರು. ಈಗ ಸಂಜೆ ಬಿ.ಕಾಂ. ಓದುತ್ತಿದ್ದಾರೆ.

ಮುಂದೆ ಆಯ್ಕೆಗಳು ಹೆಚ್ಚಲಿವೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ಹೂವಿನ ಹೆಸರಿನ ನಾಲ್ಕು ಮಾರ್ಗಗಳ, 148 ಕಿ.ಮೀ. ಉದ್ದದ ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಬಹುಪಾಲು ಹಳೆಯ ರೈಲು ಹಳಿಗಳ ಪಕ್ಕದಲ್ಲೇ ಸಾಗುವುದರಿಂದ ಅದರ ಸ್ಥಿರ ವೆಚ್ಚ ಮೆಟ್ರೊಗಿಂತ ಕಡಿಮೆ.

ಕೊನೆಗೆ ನಿಮಗೊಂದು ಲೆಕ್ಕ. ಮೇಲಿನ ಊರಂಚಿನ ರೂಮು 7,000ದ ರೂಮಿಗೆ ಸರಿಸಮವಾಗಬೇಕಾದರೆ ಒಂದು ಸಲದ ಟಿಕೆಟ್ ಎಷ್ಟಿರಬೇಕು? ಉತ್ತರವನ್ನು ವಾಣಿಜ್ಯ ವಿಭಾಗದ ಸೂಚನಾ ಫಲಕದಲ್ಲಿ ಅಂಟಿಸಿ. ಸಮಯದ ಬೆಲೆಯನ್ನೂ ಸೇರಿಸಿದವರ ಲೆಕ್ಕವನ್ನು ನಾನು ಮೊದಲು ಓದುತ್ತೇನೆ.